ಸ್ಟೇರಿಂಗ್ ತಿರುಗಿಸಿದಾಗ ಗುಂಯ್ ಅನ್ನುತ್ತಾ? ಪಂಪಿಗೆ ದುಡ್ಡು ಸುರಿಯೋಕೆ ಮುಂಚೆ ಇಷ್ಟು ನೋಡಿ

ಹೋದ ಚಳಿಗಾಲದಲ್ಲಿ ನಮ್ಮನೆ ಹಳೇ ಡೀಸೆಲ್ ಗಾಡೀನ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಗೇಟಿಂದ ಆಚೆ ತಿರುಗಿಸೋಕೆ ಅಂತ ಸ್ಟೇರಿಂಗ್ ಎಳೆದ್ರೆ ಸಾಕು, ಬಾನೆಟ್ ಒಳಗಿಂದ ಗುಂಯ್ಯ್ ಅಂತ ಒಂದು ಕೂಗು ಬರೋದು, ಎದುರು ಮನೆ ನಾಯಿ ಎದ್ದು ನಿಂತು ನೋಡೋದು. ಗ್ಯಾರೇಜಿಗೆ ತಗೊಂಡು ಹೋದೆ. ಮೇಸ್ತ್ರಿ ಬಾನೆಟ್ ಕೂಡ ಪೂರ್ತಿ ಎತ್ತಲಿಲ್ಲ, "ಪವರ್ ಸ್ಟೇರಿಂಗ್ ಪಂಪ್ ಹೋಗಿದೆ ಸಾರ್, ಹೊಸದು ಹಾಕ್ಬಿಡೋಣ" ಅಂದ್ರು, ಜೊತೆಗೆ ಚಕ್ರಗಳನ್ನ ತಿರುಗಿಸೋ ರ‍್ಯಾಕ್ ಕೂಡ ಒಂದ್ಸಲ ಬಿಚ್ಚಿ ನೋಡ್ಬೇಕು ಅಂದ್ರು. ಎರಡು ದಿನ ಬಿಟ್ಟು ಬರ್ತೀನಿ ಅಂತ ಹೇಳಿ ಮನೆಗೆ ಬಂದೆ. ಕೊನೆಗೆ ನೋಡಿದ್ರೆ ಹೋಗಿದ್ದು ಪಂಪ್ ಅಲ್ಲವೇ ಅಲ್ಲ, ಪಂಪಿನ ಬಾಯಿಗೆ ಹೋಗೋ ಒಂದು ಗೇಣುದ್ದದ ರಬ್ಬರ್ ಪೈಪು ಮತ್ತೆ ಅದರ ಕ್ಲಿಪ್ಪು.

ಅದಕ್ಕೇ ಇದನ್ನ ಬರೀತಿದೀನಿ. ನಾನು ಮೆಕ್ಯಾನಿಕ್ ಅಲ್ಲ, ಹದಿನೈದು ವರ್ಷದಿಂದ ಹಳೇ ಗಾಡಿಗಳ ಜೊತೆ ಗುದ್ದಾಡ್ತಿರೋನು ಅಷ್ಟೇ. ಸ್ಟೇರಿಂಗ್ ಸದ್ದು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಪಂಪ್ ಹೆಸರು, ಆದ್ರೆ ಪಂಪ್ ಹೋಗೋದಕ್ಕಿಂತ ಪಂಪಿಗೆ ಗಾಳಿ ಹೋಗೋದೇ ಜಾಸ್ತಿ. ಗಾಳಿ ಕುಡಿದ ಪಂಪೂ ಕೆಟ್ಟ ಪಂಪೂ ಕೂಗೋದು ಹೆಚ್ಚುಕಮ್ಮಿ ಒಂದೇ ಥರ.

ಮೊದಲು, ನಿಮ್ಮ ಗಾಡಿ ಯಾವ ಜಾತಿ

ಬಾನೆಟ್ ಎತ್ತಿ ನೋಡಿ. ಸ್ಟೇರಿಂಗ್ ಚಕ್ರದ ಚಿತ್ರ ಇರೋ ಮುಚ್ಚಳದ ಒಂದು ಸಣ್ಣ ಆಯಿಲ್ ಡಬ್ಬಿ ಇದ್ರೆ ಅದು ಹೈಡ್ರಾಲಿಕ್. ಕ್ವಾಲಿಸ್, ಮೊದಲನೇ ತಲೆಮಾರಿನ ಇನ್ನೋವಾ, ಹಳೇ ಸ್ಕಾರ್ಪಿಯೋ, ಬೊಲೆರೋ, ಪವರ್ ಸ್ಟೇರಿಂಗ್ ಇರೋ ಇಂಡಿಕಾ ಎಲ್ಲ ಈ ಸಾಲಿಗೆ ಸೇರುತ್ತೆ. ಇಂಜಿನ್ ಬೆಲ್ಟಿಂದ ಪಂಪ್ ತಿರುಗುತ್ತೆ, ಅದು ಆಯಿಲನ್ನ ಒತ್ತಡದಲ್ಲಿ ರ‍್ಯಾಕಿಗೆ ಕಳಿಸುತ್ತೆ, ಅಲ್ಲಿಂದ ಆಯಿಲ್ ವಾಪಸ್ ಡಬ್ಬಿಗೆ ಬರುತ್ತೆ, ಇಷ್ಟೇ ಕಥೆ. ಪವರ್ ಸ್ಟೇರಿಂಗ್ ಇದ್ದೂ ಡಬ್ಬಿ ಎಲ್ಲೂ ಕಾಣಿಸ್ತಿಲ್ಲ ಅಂದ್ರೆ ನಿಮ್ಮದು ಮೋಟರ್ ಇರೋ ಎಲೆಕ್ಟ್ರಿಕ್ ಸ್ಟೇರಿಂಗ್, ಇಪಿಎಸ್ ಅಂತಾರಲ್ಲ ಅದು, ಈಗಿನ ಸಣ್ಣ ಕಾರುಗಳು ಹೆಚ್ಚುಕಮ್ಮಿ ಎಲ್ಲ ಅದೇ. ಅದರ ವಿಷಯ ಕೆಳಗೆ ಬೇರೆ ಬರೆದಿದೀನಿ, ಆಯಿಲ್ ಬೆಲ್ಟ್ ಅಂತ ಹುಡುಕೋಕೆ ಹೋಗ್ಬೇಡಿ. ಕೆಲವರು ಅಂಥ ಗಾಡೀಲೂ ಡಬ್ಬಿ ಹುಡುಕಿ ಸಿಗದೆ ಬ್ರೇಕ್ ಆಯಿಲ್ ಡಬ್ಬಿಗೆ ಕೈ ಹಾಕಿರೋದನ್ನ ನಾನೇ ನೋಡಿದೀನಿ.

ಪಾನಾ ಹಿಡಿಯೋಕೆ ಮುಂಚೆ

ಬೆಲ್ಟ್ ತಿರುಗ್ತಿರೋವಾಗ ಬಾನೆಟ್ ಒಳಗೆ ಬಗ್ಗಿ ನೋಡೋ ಕೆಲಸ ಇದು, ಆದ್ರಿಂದ ಪಂಚೆ, ಲುಂಗಿ, ದುಪಟ್ಟಾ, ಕೊರಳ ಸರ, ಕೈಗೆ ಕಟ್ಟಿದ ದಾರ ಇವೆಲ್ಲ ಬೇಡ, ಉದ್ದ ಕೂದಲಿದ್ರೆ ಗಂಟು ಹಾಕ್ಕೊಳ್ಳಿ. ಗಾಡಿ ಸಮತಟ್ಟಾದ ಜಾಗದಲ್ಲಿರ್ಲಿ, ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಮುಂದಗಡೆ ಎತ್ತೋದಾದ್ರೆ ಜಾಕಿ ಎತ್ತೋಕೆ ಮಾತ್ರ, ಭಾರ ಹೊರೋಕೆ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಹಾಲೋ ಬ್ಲಾಕ್, ಇಟ್ಟಿಗೆ ಇಟ್ಟು ಕೆಳಗೆ ತೂರಬೇಡಿ, ಬ್ಲಾಕ್ ಒಡೆಯೋವಾಗ ಹೇಳಿ ಕೇಳಿ ಒಡೆಯಲ್ಲ.

ಇನ್ನೊಂದು, ಇದನ್ನ ತುಂಬ ಜನ ಹಗುರವಾಗಿ ತಗೋತಾರೆ. ಟೈರಲ್ಲಿರೋ ಗಾಳಿ 30-35 ಪಿಎಸ್‌ಐ, ಸ್ಟೇರಿಂಗ್ ಫುಲ್ ಕಟ್ ಹೊಡೆದಾಗ ಪಂಪಿಂದ ಹೊರಡೋ ಪೈಪಲ್ಲಿ ಒತ್ತಡ 1000 ಪಿಎಸ್‌ಐ ಮುಟ್ಟಿ ಮೇಲಕ್ಕೇ ಹೋಗುತ್ತೆ. ಆ ಪೈಪಲ್ಲಿ ಸೂಜಿಮೊನೆಯಷ್ಟು ತೂತಿದ್ರೂ ಆಯಿಲ್ ಚರ್ಮ ಸೀಳ್ಕೊಂಡು ಒಳಗೆ ಹೋಗ್ಬಹುದು. ಇಂಜಿನ್ ಓಡ್ತಿರೋವಾಗ ಲೀಕ್ ಎಲ್ಲಿದೆ ಅಂತ ಬೆರಳಾಡಿಸ್ಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಹಂಗೇನಾದ್ರೂ ಚುಚ್ಚಿದ್ರೆ ಗಾಯ ಇರುವೆ ಕಚ್ಚಿದಷ್ಟೇ ಕಂಡ್ರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದಲ್ಲಿ ಆಯಿಲ್ ಒಳಗೆ ಹೋಗಿದೆ ಅಂತ ಬಾಯಿ ಬಿಟ್ಟು ಹೇಳಿ, ಅರಿಶಿನ ಹಚ್ಕೊಂಡು ಮನೇಲಿ ಕೂರೋ ಗಾಯ ಅಲ್ಲ ಅದು.

ಸದ್ದು ಯಾವಾಗ, ಎಲ್ಲಿ

ಒಬ್ಬರೇ ಕೂತ್ಕೊಂಡು ಕೇಳಿದ್ರೆ ಎಲ್ಲ ಸದ್ದೂ ಡ್ಯಾಶ್‌ಬೋರ್ಡಿಂದ್ಲೇ ಬಂದಂಗೆ ಅನ್ಸುತ್ತೆ. ಮನೇಲಿ ಯಾರನ್ನಾದ್ರೂ ಸೀಟಲ್ಲಿ ಕೂರಿಸಿ, ನೀವು ಹೊರಗೆ ನಿಂತು ಕೇಳಿ. ಸ್ಟೇರಿಂಗ್ ಮುಟ್ಟದೆ ಆಕ್ಸಿಲೇಟರ್ ಮಾತ್ರ ಒತ್ತಿದ್ರೆ ಸದ್ದು ಏರುತ್ತಾ, ತಿರುಗಿಸಿದಾಗ ಮಾತ್ರ ಬರುತ್ತಾ, ಇಲ್ಲ ಗಾಡಿ ಓಡ್ತಿರೋವಾಗ ಮಾತ್ರ ಬರುತ್ತಾ ಅಂತ ನೋಡಿ. ಅದಾದ್ಮೇಲೆ ಇಂಜಿನ್ ಆಫ್ ಮಾಡಿ ಕೀ ಮಾತ್ರ ಆನ್ ಇಟ್ಟು, ಅಂದ್ರೆ ಸ್ಟೇರಿಂಗ್ ಲಾಕ್ ಆಗ್ದಂಗೆ, ಅತ್ತ ಇತ್ತ ಸ್ವಲ್ಪ ಅಲ್ಲಾಡಿಸಿ. ಇಂಜಿನ್ ಆಫ್ ಇದ್ದಾಗ್ಲೂ ಸದ್ದು ಬಂದ್ರೆ ಪಂಪು, ಬೆಲ್ಟು, ಆಯಿಲ್ ಮೂರನ್ನೂ ಮರೆತುಬಿಡಿ, ಸೀದಾ ಟಕ್ ಟಕ್ ಅನ್ನೋ ಭಾಗಕ್ಕೆ ಹೋಗಿ. ಐದು ನಿಮಿಷದ ಕೆಲಸ, ಅರ್ಧ ಡೌಟು ಇಲ್ಲೇ ಕಳೆಯುತ್ತೆ.

ಹಂಗೇ ಬಂಕಲ್ಲಿ ಟೈರ್ ಗಾಳಿನೂ ನೋಡಿಸ್ಬಿಡಿ, ಕಾಸಿಲ್ಲದ ಕೆಲಸ. ಮುಂದಿನ ಟೈರ್ ಮೆತ್ತಗಿದ್ರೆ ಸ್ಟೇರಿಂಗ್ ಭಾರ ಆಗುತ್ತೆ, ಪಂಪ್ ಹೆಚ್ಚು ಏದುಸಿರು ಬಿಡುತ್ತೆ.

ಗುಂಯ್ ಅಂತ ಕೂಗೋದು, ಆಕ್ಸಿಲೇಟರ್ ಜೊತೆಗೇ ಏರೋದು

ಇದೇ ಎಲ್ಲರಿಗೂ ಬರೋ ಕಾಯಿಲೆ. ಬೆಳಿಗ್ಗೆ ತಣ್ಣಗಿದ್ದಾಗ ಜಾಸ್ತಿ, ಎರಡು ಮೂರು ಕಿಲೋಮೀಟರ್ ಓಡಿದ್ಮೇಲೆ ಕಮ್ಮಿ. ಚಳಿಗೆ ಆಯಿಲ್ ಗಟ್ಟಿ ಇರುತ್ತೆ, ಪಂಪಿಗೆ ಎಳ್ಕೊಳ್ಳೋಕೆ ಕಷ್ಟ ಆಗುತ್ತೆ, ಆಯಿಲ್ ಸಾಲದೆ ಹೋದಾಗ ಕೂಗುತ್ತೆ.

ಡಬ್ಬಿಯಲ್ಲಿ ಲೆವೆಲ್ ನೋಡಿ. ಪಾರದರ್ಶಕ ಡಬ್ಬಿ ಆದ್ರೆ ಹೊರಗಿಂದ್ಲೇ ಮ್ಯಾಕ್ಸ್ ಮಿನ್ ಗೆರೆ ಕಾಣುತ್ತೆ, ಕೆಲವದರಲ್ಲಿ ಮುಚ್ಚಳಕ್ಕೇ ಒಂದು ಕಡ್ಡಿ ಇರುತ್ತೆ, ಅದರಲ್ಲಿ ಬಿಸಿಗೆ ಒಂದು ಗೆರೆ ತಣ್ಣಗಿದ್ದಾಗ ಒಂದು ಗೆರೆ. ಮುಚ್ಚಳ ತೆಗೆಯೋಕೆ ಮುಂಚೆ ಸುತ್ತಲೂ ಬಟ್ಟೇಲಿ ಒರೆಸಿ, ಮಣ್ಣು ಒಳಗೆ ಬಿದ್ರೆ ಅದು ನೇರವಾಗಿ ಪಂಪಿನ ಹೊಟ್ಟೆಗೇ ಹೋಗೋದು. ಲೆವೆಲ್ ಕಮ್ಮಿ ಇದ್ರೆ ತುಂಬಿಸಿ, ಸದ್ದು ನಿಂತ್ರೆ ಸಂತೋಷ, ಆದ್ರೆ ಆಯಿಲ್ ಎಲ್ಲಿಗೆ ಹೋಯ್ತು ಅನ್ನೋದು ಬಾಕಿ ಇದೆ, ಇಂಜಿನ್ ಆಯಿಲ್ ಥರ ಇದು ಉರಿದು ಖಾಲಿ ಆಗೋದಲ್ಲ, ಕಮ್ಮಿ ಆಗಿದೆ ಅಂದ್ರೆ ಸೋರಿದೆ ಅಂತಲೇ ಅರ್ಥ.

ಯಾವ ಆಯಿಲ್? ಮುಚ್ಚಳದ ಮೇಲೆ ಇಲ್ಲ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಏನಿದೆಯೋ ಅದು. ನಮ್ಮಲ್ಲಿ ಬಹಳ ಗಾಡಿಗಳಿಗೆ ಕೆಂಪು ಬಣ್ಣದ ಎಟಿಎಫ್, ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಆಯಿಲ್, ಡೆಕ್ಸ್‌ರಾನ್ ಅಂತ ಡಬ್ಬದ ಮೇಲೆ ಬರೆದಿರುತ್ತೆ. ಹೋಂಡಾದವರದ್ದು ಅವರದೇ ಬೇರೆ, ಕೆಲವು ಯುರೋಪ್ ಗಾಡಿಗಳಿಗೆ ಹಸಿರು ಬಣ್ಣದ್ದು. ಒಂದಕ್ಕೊಂದು ಬೆರೆಸಬೇಡಿ. ಎಮರ್ಜೆನ್ಸಿ ಅಂತ ಹೇಳ್ಕೊಂಡು ಬ್ರೇಕ್ ಆಯಿಲ್ ಹಾಕೋರಿದಾರೆ, ಅದು ಸೀಲ್‌ಗಳನ್ನ ಉಬ್ಬಿಸಿ ಹಾಳು ಮಾಡುತ್ತೆ, ಪಂಪ್ ರ‍್ಯಾಕ್ ಎರಡೂ ಸೋರೋಕೆ ಶುರುವಾಗುತ್ತೆ. ಗೊತ್ತಿಲ್ದೆ ಹಾಕಿಬಿಟ್ಟಿದ್ರೆ ಗಾಡಿ ಸ್ಟಾರ್ಟ್ ಮಾಡ್ಬೇಡಿ, ಪೂರ್ತಿ ತೆಗೆಸಿ ಫ್ಲಷ್ ಮಾಡಿಸಿ.

ಲೆವೆಲ್ ಸರಿ ಇದ್ರೆ ಬಣ್ಣ ನೋಡಿ. ಒಂದು ಹನಿನ ಬಿಳಿ ಪೇಪರ್ ಮೇಲೆ ಬಿಡಿ. ಕೆಂಪಗೆ ತಿಳಿಯಾಗಿದ್ರೆ ಚೆನ್ನಾಗಿದೆ. ಕಾಫಿ ಡಿಕಾಕ್ಷನ್ ಥರ ಆಗಿ ಸುಟ್ಟ ವಾಸನೆ ಬಂದ್ರೆ ವಯಸ್ಸಾಗಿದೆ, ಬದಲಾಯಿಸಿ. ಹೊಳೆಯೋ ಲೋಹದ ಪುಡಿ ಕಂಡ್ರೆ ಪಂಪ್ ಒಳಗೆ ತಿಂದಿದೆ, ಆಗ ಮೇಸ್ತ್ರಿ ಹೇಳಿದ್ದೇ ನಿಜ. ಇಂಜಿನ್ ಓಡ್ತಿರೋವಾಗ ಡಬ್ಬಿಯೊಳಗೆ ಟಾರ್ಚ್ ಬಿಟ್ಟು ನೋಡಿದಾಗ ರೋಸ್ ಮಿಲ್ಕ್ ಥರ ತಿಳಿಗುಲಾಬಿ ನೊರೆ ಕಂಡ್ರೆ ಗಾಳಿ ಸೇರ್ಕೊಂಡಿದೆ. ನಮ್ಮ ಗಾಡೀಲಿ ಕಂಡಿದ್ದು ಇದೇ. ಚಿಕ್ಕಪ್ಪನ್ನ ಸೀಟಲ್ಲಿ ಕೂರಿಸಿ ತಿರುಗಿಸೋಕೆ ಹೇಳಿ ನಾನು ಮೊಬೈಲ್ ಟಾರ್ಚ್ ಹಿಡ್ಕೊಂಡು ನೋಡ್ತಿದ್ದೆ, ಪ್ರತಿ ಸಲ ಗುಂಯ್ ಅಂದಾಗ ರಿಟರ್ನ್ ಪೈಪಿನ ಬಾಯಿಂದ ಸಣ್ಣ ಸಣ್ಣ ಗುಳ್ಳೆ ಬುಳುಬುಳು ಅಂತ ಎದ್ದು ಬರೋದು.

ಗಾಳಿ ಎಲ್ಲಿಂದ ಬರುತ್ತೆ ಅನ್ನೋದೇ ಈ ಇಡೀ ವಿಷಯದ ಗುಟ್ಟು, ಸ್ವಲ್ಪ ನಿಧಾನವಾಗಿ ಓದಿ. ಡಬ್ಬಿಯಿಂದ ಪಂಪಿಗೆ ಹೋಗೋ ಪೈಪು, ಅದು ಎಳ್ಕೊಳ್ಳೋ ಪೈಪು, ದಪ್ಪಗಿರುತ್ತೆ, ಒತ್ತಡ ಇರಲ್ಲ. ಅದರಲ್ಲಿ ಬಿರುಕಿದ್ರೆ, ಕ್ಲಿಪ್ ಸಡಿಲ ಆಗಿದ್ರೆ, ಆಯಿಲ್ ಹೊರಗೆ ಬರೋ ಬದಲು ಗಾಳಿ ಒಳಗೆ ಹೋಗುತ್ತೆ. ಎಳನೀರಿಗೆ ತೂತಾದ ಸ್ಟ್ರಾ ಹಾಕಿ ಕುಡಿದ್ರೆ ಬರೀ ಗಾಳಿ ಬರುತ್ತಲ್ಲ, ಒಂದು ಹನಿನೂ ಚೆಲ್ಲಲ್ಲ, ಹಂಗೇ. ಅದಕ್ಕೇ ನೆಲದ ಮೇಲೆ ಆಯಿಲ್ ಕಲೆ ಇಲ್ಲ ಅಂತ ಗ್ಯಾರೇಜಲ್ಲಿ ಲೀಕ್ ಇಲ್ಲ ಅಂತ ಹೇಳ್ಬಿಡ್ತಾರೆ. ಇಂಜಿನ್ ಆಫ್ ಮಾಡಿ, ತಣ್ಣಗಾದ್ಮೇಲೆ ಆ ಪೈಪನ್ನ ಹಿಸುಕಿ ನೋಡಿ, ಒಣಗಿದ ಸೀಬೆ ಕಡ್ಡಿ ಥರ ಗಟ್ಟಿ ಆಗಿದ್ರೆ ಅದರ ಕಾಲ ಮುಗಿದಿದೆ. ಎರಡು ತುದೀಲೂ ಸುತ್ತ ತೇವದ ಧೂಳು ಮೆತ್ಕೊಂಡಿದ್ರೆ ಅಲ್ಲೇ ಬಾಯಿ ಬಿಟ್ಟಿರೋದು. ಕಂಪನಿಯಿಂದ ಬರೋ ಸ್ಪ್ರಿಂಗ್ ಕ್ಲಿಪ್ ಹತ್ತು ಹನ್ನೆರಡು ವರ್ಷದ ಶಾಖಕ್ಕೆ ಬಿಗಿ ಕಳ್ಕೊಳ್ಳುತ್ತೆ, ಸ್ಕ್ರೂ ಇರೋ ಹೋಸ್ ಕ್ಲಿಪ್ ಹಾಕಿ ಹದವಾಗಿ ಬಿಗಿ ಮಾಡಿ. ಪೈಪ್ ಬದಲಾಯಿಸೋದಾದ್ರೆ ಹಳೇದರ ತುಂಡು ಹಿಡ್ಕೊಂಡು ಅಂಗಡಿಗೆ ಹೋಗಿ, ಆಯಿಲ್ ತಡೆಯೋ ಪೈಪೇ ಕೇಳಿ, ನೀರಿನ ಪೈಪ್ ಹಾಕಿದ್ರೆ ಕೆಲವೇ ದಿನದಲ್ಲಿ ಉಬ್ಬಿ ಮೆತ್ತಗಾಗುತ್ತೆ. ಬೆಂಗಳೂರಲ್ಲಿರೋರಿಗೆ ಜೆ.ಸಿ. ರಸ್ತೇಲಿ ಸಿಗದೆ ಇರಲ್ಲ, ಊರ ಕಡೆಯಾದ್ರೆ ಟ್ರ್ಯಾಕ್ಟರ್ ಹೈಡ್ರಾಲಿಕ್ ಪೈಪ್ ಮಾಡಿಕೊಡೋ ಅಂಗಡಿಯಲ್ಲಿ ಕೇಳಿ.

ಪಂಪಿನ ಬಾಯಲ್ಲಿ ಪೈಪ್ ಸೇರೋ ಕಡೆ ಕೆಲವು ಗಾಡೀಲಿ ಒಂದು ಪುಟ್ಟ ಓರಿಂಗ್, ಅಂದ್ರೆ ರಬ್ಬರ್ ಬಳೆ, ಇರುತ್ತೆ, ಒಂದೋ ಎರಡೋ ಬೋಲ್ಟ್ ಬಿಚ್ಚಿದ್ರೆ ಸಿಗುತ್ತೆ. ಅದು ಚಪ್ಪಟೆ ಆಗಿ ಗಟ್ಟಿ ಆದ್ರೂ ಇದೇ ಕೂಗು. ಓರಿಂಗ್ ಬೆಲೆ ಕೇಳಿದ್ರೆ ನಗು ಬರುತ್ತೆ, ಅದನ್ನ ಬದಲಾಯಿಸದೆ ಪಂಪ್ ಬದಲಾಯಿಸಿರೋರ ಲೆಕ್ಕ ಇಟ್ಟವರಿಲ್ಲ. ಇನ್ನು ಡಬ್ಬಿ ತಳದಲ್ಲಿ ಸಣ್ಣ ಜಾಲರಿ ಇರೋ ಗಾಡಿಗಳಿವೆ, ಅದು ಕಟ್ಕೊಂಡ್ರೂ ಪಂಪಿಗೆ ಆಯಿಲ್ ಸಿಗಲ್ಲ.

ಆಯಿಲ್ ಬದಲಾಯಿಸೋದು, ಗಾಳಿ ತೆಗೆಯೋದು

ಮನೇಲಿ ಸುಲಭದ ದಾರಿ, ಮೆಡಿಕಲ್ ಶಾಪಿಂದ ದೊಡ್ಡ ಸಿರಿಂಜ್ ಒಂದು, ಅದರ ತುದಿಗೆ ಸಣ್ಣ ಪೈಪು. ಡಬ್ಬಿಯಲ್ಲಿರೋದನ್ನ ಎಳೆದು ತೆಗೀರಿ, ಹೊಸದು ತುಂಬಿಸಿ, ಸ್ಟಾರ್ಟ್ ಮಾಡಿ ನಾಲ್ಕೈದು ಸಲ ಅತ್ತ ಇತ್ತ ತಿರುಗಿಸಿ, ಆಫ್ ಮಾಡಿ, ಮತ್ತೆ ಎಳೀರಿ. ಮೂರು ನಾಲ್ಕು ಸಲ ಮಾಡೋವಷ್ಟರಲ್ಲಿ ಬಣ್ಣ ತಿಳಿಯಾಗುತ್ತೆ. ಒಂದು ಲೀಟರ್ ಡಬ್ಬ ತಂದು ಇಟ್ಕೊಂಡ್ರೆ ಸಾಮಾನ್ಯವಾಗಿ ಸಾಕು. ಡಬ್ಬಿ ಖಾಲಿ ಇದ್ದಾಗ ಮಾತ್ರ ಒಂದು ಸೆಕೆಂಡೂ ಇಂಜಿನ್ ಓಡಿಸ್ಬೇಡಿ. ತೆಗೆದ ಹಳೇ ಆಯಿಲನ್ನ ಚರಂಡಿಗೋ ತೆಂಗಿನ ಬುಡಕ್ಕೋ ಸುರೀಬೇಡಿ, ಹಳೇ ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ವೇಸ್ಟ್ ಆಯಿಲ್ ಕೊಳ್ಳೋರು ಅಲ್ಲಿಗೆ ಬರ್ತಾರೆ.

ಗಾಳಿ ತೆಗೆಯೋಕೆ ಮುಂದಿನ ಎರಡೂ ಚಕ್ರ ನೆಲ ಬಿಟ್ಟಿರ್ಬೇಕು, ಸ್ಟ್ಯಾಂಡ್ ಮೇಲೆ. ಇಂಜಿನ್ ಆಫ್. ಡಬ್ಬಿ ಗೆರೆವರೆಗೂ ತುಂಬಿಸಿ ಮುಚ್ಚಳ ತೆಗೆದಿಟ್ಟು, ನಿಧಾನವಾಗಿ ಈ ಕೊನೆಯಿಂದ ಆ ಕೊನೆವರೆಗೆ ಹದಿನೈದು ಇಪ್ಪತ್ತು ಸಲ ತಿರುಗಿಸಿ, ನಿಧಾನ ಅಂದ್ರೆ ನಿಜವಾಗ್ಲೂ ನಿಧಾನ, ಬಾವಿಯಿಂದ ನೀರು ಸೇದೋ ಥರ, ಅವಸರ ಮಾಡಿದ್ರೆ ಗುಳ್ಳೆ ಒಡೆದು ನೊರೆ ಆಗುತ್ತೆ. ಮಧ್ಯೆ ಮಧ್ಯೆ ಲೆವೆಲ್ ಇಳಿಯುತ್ತೆ, ತುಂಬಿಸ್ತಾ ಇರಿ. ಗುಳ್ಳೆ ನಿಂತ್ಮೇಲೆ ಸ್ಟಾರ್ಟ್ ಮಾಡಿ, ರೇಸ್ ಮಾಡದೆ ಹಂಗೇ ಬಿಟ್ಟು ಮತ್ತೆ ನಾಲ್ಕೈದು ಸಲ ತಿರುಗಿಸಿ, ಕೊನೇಲಿ ಹಿಡಿದು ನಿಲ್ಲಿಸ್ಬೇಡಿ. ಆಯಿಲ್ ಇನ್ನೂ ರೋಸ್ ಮಿಲ್ಕ್ ಆಗೇ ಇದ್ರೆ ಆಫ್ ಮಾಡಿ ಒಂದು ಗಂಟೆ ಬಿಟ್ಟು ಮತ್ತೆ ಮಾಡಿ. ಎರಡು ಮೂರು ಸಲ ಮಾಡಿದ್ರೂ ನೊರೆ ಬರ್ತಾನೇ ಇದೆ ಅಂದ್ರೆ ಗಾಳಿ ಹೋಗೋ ತೂತು ಇನ್ನೂ ಮುಚ್ಚಿಲ್ಲ.

ಆಯಿಲ್ ಸರಿ, ನೊರೆ ಇಲ್ಲ, ಪೈಪ್ ಓರಿಂಗ್ ಹೊಸದು, ಬಿಸಿ ಆದ್ಮೇಲೂ ಅದೇ ಕೂಗು, ಜೊತೆಗೆ ನಿಂತಲ್ಲೇ ತಿರುಗಿಸೋಕೆ ಭಾರ. ಈಗ ಪಂಪ್ ಅಂತ ಒಪ್ಕೋಬಹುದು. ಪಂಪ್ ಬಿಚ್ಚಿ ಒಳಗಿನ ವೇನ್ (ಆಯಿಲ್ ತಳ್ಳೋ ರೆಕ್ಕೆಗಳು), ಸೀಲ್ ಹಾಕೋದು ಮನೆ ಕೆಲಸ ಅಲ್ಲ, ಪ್ರೆಷರ್ ಗೇಜ್ ಇರೋ ಕಡೆ ಚೆಕ್ ಮಾಡಿಸಿ. ಶಿವಾಜಿನಗರದ ಗುಜರಿಯಿಂದ ಹಳೇ ಪಂಪ್ ತರೋದಾದ್ರೆ ಪುಲ್ಲಿ ಹಿಡಿದು ಕೈಯಲ್ಲಿ ತಿರುಗಿಸಿ ನೋಡಿ, ನುಣ್ಣಗೆ ತಿರುಗಬೇಕು, ಅಲ್ಲಾಡಬಾರದು.

ಕೀಚ್ ಅಂತ ಕಿರುಚೋದು

ಸ್ಟಾರ್ಟ್ ಮಾಡಿದ ತಕ್ಷಣ, ಮಳೇಲಿ, ಇಲ್ಲ ಫುಲ್ ಕಟ್ ಹೊಡೆದಾಗ ಕೀಚ್ ಅಂತ ಚೂಪಾಗಿ ಬಂದ್ರೆ ಬೆಲ್ಟ್ ಜಾರ್ತಿದೆ. ಇಂಜಿನ್ ಆಫ್ ಮಾಡಿ ನೋಡಿ. ಒಳಮೈ ಕನ್ನಡಿ ಥರ ಹೊಳೀತಿದ್ರೆ, ಅಡ್ಡ ಬಿರುಕು ಬಿಟ್ಟಿದ್ರೆ, ಅಂಚು ನೂಲು ನೂಲಾಗಿದ್ರೆ ಬದಲಾಯಿಸಿ. ಬೆಲ್ಟ್ ಮೇಲೆ ಆಯಿಲ್ ಬಿದ್ದಿದ್ರೆ ಮೊದಲು ಲೀಕ್ ನಿಲ್ಲಿಸಿ, ಇಲ್ದಿದ್ರೆ ಹೊಸ ಬೆಲ್ಟೂ ಹಂಗೇ ಹಾಳಾಗುತ್ತೆ. ಪಂಪಿಗೆ ಪ್ರತ್ಯೇಕ ವಿ ಬೆಲ್ಟ್ ಇರೋ ಹಳೇ ಗಾಡೀಲಿ ಎರಡು ಪುಲ್ಲಿ ಮಧ್ಯೆ ಹೆಬ್ಬೆಟ್ಟಲ್ಲಿ ಒತ್ತಿದ್ರೆ ಸುಮಾರು 10 ಮಿಲಿಮೀಟರ್ ಬಗ್ಗಬೇಕು. ಸದ್ದು ಹೋಗ್ಲಿ ಅಂತ ವೀಣೆ ತಂತಿ ಥರ ಬಿಗಿದ್ರೆ ಪಂಪಿನ ಬೇರಿಂಗ್ ಹೋಗುತ್ತೆ, ಇಲ್ಲದ ಕಾಯಿಲೆ ತಂದ್ಕೊಂಡಂಗೆ.

ಗೀರು ಗೀರಾಗಿರೋ ಚಪ್ಪಟೆ ಬೆಲ್ಟ್ ಆದ್ರೆ ದೂರದಿಂದ ಸ್ಪ್ರೇ ಬಾಟಲಲ್ಲಿ ಸ್ವಲ್ಪ ನೀರು ಚಿಮುಕಿಸಿ. ಸದ್ದು ಜಾಸ್ತಿ ಆದ್ರೆ ಬೆಲ್ಟಿನ ಬಿಗಿ ಸಾಲ್ತಿಲ್ಲ, ಅದನ್ನ ಬಿಗಿ ಹಿಡಿಯೋ ಟೆನ್ಷನರ್ ನೋಡಿಸಿ. ಒಂದು ಕ್ಷಣ ನಿಂತು ಮತ್ತೆ ಬಂದ್ರೆ ಪುಲ್ಲಿಗಳು ಒಂದೇ ಸಾಲಲ್ಲಿ ಇಲ್ಲ. ಬೆಲ್ಟಿಗೆ ಸೋಪ್ ತಿಕ್ಕೋ ನಾಟಿ ವೈದ್ಯ ಎರಡು ದಿನಕ್ಕೆ ಅಷ್ಟೇ.

ಗೊರಗೊರ ಅನ್ನೋದು, ಸ್ಟೇರಿಂಗ್ ಮುಟ್ಟದಿದ್ರೂ ಬರೋದು

ಇದು ಬೇರಿಂಗ್ ಸದ್ದು, ಹಳೇ ಹಿಟ್ಟಿನ ಗಿರಣಿ ಥರ. ಆದ್ರೆ ಅದೇ ಬೆಲ್ಟಲ್ಲಿ ಆಲ್ಟರ್ನೇಟರ್, ವಾಟರ್ ಪಂಪ್, ಟೆನ್ಷನರ್, ಎಸಿ ಎಲ್ಲ ತಿರುಗ್ತಿರುತ್ತೆ, ಯಾರದು ಅಂತ ಹೇಳೋದು ಕಷ್ಟ. ಉದ್ದನೆ ಸ್ಕ್ರೂಡ್ರೈವರ್ ತಗೊಂಡು ತುದೀನ ಪಂಪಿನ ಮೈಗೆ ಇಟ್ಟು ಹಿಡಿಗೆ ಕಿವಿ ಕೊಡಿ, ಬೆಲ್ಟಿಂದ ದೂರದ, ಅಲ್ಲಾಡದ ಜಾಗಕ್ಕೆ ಮಾತ್ರ. ಒಂದೊಂದಾಗಿ ಆಲ್ಟರ್ನೇಟರಿಗೂ ಟೆನ್ಷನರ್ ಬೋಲ್ಟಿಗೂ ಇಡಿ, ಯಾರ ಹತ್ರ ಸದ್ದು ತಲೆ ಒಳಗೇ ಬಂದಂಗೆ ಆಗುತ್ತೋ ಅವರೇ ಕಳ್ಳರು. ಪಂಪಿಗೆ ಒಂಟಿ ಬೆಲ್ಟ್ ಇದ್ರೆ ಇನ್ನೂ ಸುಲಭ, ಇಂಜಿನ್ ಆಫ್ ಮಾಡಿ ಆ ಬೆಲ್ಟ್ ಕಳಚಿ, ನಿಂತಲ್ಲೇ ಅರ್ಧ ನಿಮಿಷ ಓಡಿಸಿ. ಸದ್ದು ಹೋಯ್ತಾ, ಪಂಪೇ. ಹೋಗ್ಲಿಲ್ವಾ, ಪಂಪ್ ಪಾಪ.

ಬುಸ್ ಅನ್ನೋದು, ಫುಲ್ ಕಟ್ಟಲ್ಲಿ ಮಾತ್ರ ನರಳೋದು

ಇದಕ್ಕೆ ಹೆದರಬೇಡಿ. ಸ್ಟೇರಿಂಗ್ ಕೊನೆ ಮುಟ್ಟಿದಾಗ ಆಯಿಲ್‌ಗೆ ಹೋಗೋಕೆ ಜಾಗ ಇರಲ್ಲ, ಒತ್ತಡ ಬಿಡೋ ವಾಲ್ವ್ ತೆರೆದುಕೊಳ್ಳುತ್ತೆ, ಆ ಸದ್ದು ಅದು. ಕೊನೇಲಿ ಐದು ಸೆಕೆಂಡಿಗಿಂತ ಜಾಸ್ತಿ ಹಿಡೀಬೇಡಿ, ಆಯಿಲ್ ಕಾಯುತ್ತೆ. ಮುಟ್ಟಿದ್ಮೇಲೆ ಒಂದು ಚೂರು ವಾಪಸ್ ಬಿಡೋದು ಅಭ್ಯಾಸ ಮಾಡ್ಕೊಳ್ಳಿ, ಗಾಡಿ ನಿಂತಿರೋವಾಗ ತಿರುಗಿಸೋ ಬದಲು ಒಂದಿಂಚು ಉರುಳಿಸ್ಕೊಂಡು ತಿರುಗಿಸಿ.

ಟಕ್, ಕಟಕಟ, ಟಂಗ್

ಇಲ್ಲಿ ಆಯಿಲ್ ಪಾತ್ರ ಇಲ್ಲ, ಇವು ಕಬ್ಬಿಣ ಕಬ್ಬಿಣದ ಸದ್ದು. ಗುಂಡಿ ರಸ್ತೇಲಿ ಟಕ್ ಟಕ್ ಅಂತಿದ್ರೆ, ಇಂಜಿನ್ ಆಫ್ ಇಟ್ಟು ಒಬ್ಬರು ಸ್ಟೇರಿಂಗ್ ಒಂದೆರಡು ಇಂಚು ಮಾತ್ರ ಅಲ್ಲಾಡಿಸ್ಲಿ, ನೀವು ಟೈ ರಾಡ್ ಎಂಡ್ ಮೇಲೆ, ಅಂದ್ರೆ ಸ್ಟೇರಿಂಗಿಂದ ಚಕ್ರಕ್ಕೆ ಹೋಗೋ ಸರಳಿನ ತುದಿಯ ಕೀಲಿನ ಮೇಲೆ, ಕೈ ಇಡಿ, ಸವೆದಿದ್ರೆ ಕೈಗೇ ಟಕ್ ಅಂತ ಗೊತ್ತಾಗುತ್ತೆ. ಚಕ್ರ ಎತ್ತಿ ಸ್ಟ್ಯಾಂಡ್ ಮೇಲಿಟ್ಟು ಎಡ ಬಲ ಅಂಚು ಹಿಡಿದು ಅಲ್ಲಾಡಿಸಿದಾಗ ಆಟ ಇದ್ರೆ ಟೈ ರಾಡ್ ಕಡೆ, ಮೇಲೆ ಕೆಳಗೆ ಹಿಡಿದಾಗ ಆಟ ಇದ್ರೆ ಬಾಲ್ ಜಾಯಿಂಟ್ (ಚಕ್ರವನ್ನ ಸಸ್ಪೆನ್ಷನ್‌ಗೆ ಹಿಡಿದಿರೋ ಕೀಲು) ಇಲ್ಲ ವೀಲ್ ಬೇರಿಂಗ್. ಎರಡೂ ಚೆಲ್ಲಾಟದ ವಿಷಯ ಅಲ್ಲ, ಬಾಲ್ ಜಾಯಿಂಟ್ ಕಳಚ್ಕೊಂಡ್ರೆ ಚಕ್ರ ಪಕ್ಕಕ್ಕೆ ಮಲಗುತ್ತೆ.

ನಿಂತಲ್ಲೇ ತಿರುಗಿಸಿದಾಗ ಸ್ಪ್ರಿಂಗ್ ಹಾರಿದಂಗೆ ಟಂಗ್ ಅಂದ್ರೆ ಸ್ಟ್ರಟ್, ಅಂದ್ರೆ ಸ್ಪ್ರಿಂಗ್ ಜೊತೆಗಿರೋ ಶಾಕ್ ಅಬ್ಸಾರ್ಬರ್, ಅದರ ಮೇಲಿನ ಬೇರಿಂಗ್ ಹಿಡ್ಕೊಂಡಿದೆ. ಮೇಲಿಂದ ಸ್ಟ್ರಟ್ ಮೌಂಟಿನ ಮೇಲೆ ಅಂಗೈ ಇಟ್ಟು ನೋಡಿ, ಸ್ಪ್ರಿಂಗ್ ಸುರುಳಿ ಮಧ್ಯೆ ಬೆರಳು ಬೇಡ. ಅದನ್ನ ಬದಲಾಯಿಸೋಕೆ ಸ್ಪ್ರಿಂಗನ್ನ ಒತ್ತಿ ಹಿಡಿಯೋ ಕಂಪ್ರೆಸರ್ ಬೇಕು, ಮನೇಲಿ ಮಾಡ್ಬೇಡಿ, ಆ ಸ್ಪ್ರಿಂಗ್ ಜಾರಿದ್ರೆ ಮುಖ ಉಳಿಯಲ್ಲ. ಓಡ್ತಾ ಓಡ್ತಾ ಫುಲ್ ಕಟ್ ಹೊಡೆದಾಗ ಮಾತ್ರ ಕಟ ಕಟ ಕಟ ಅಂತ ಸ್ಪೀಡಿನ ಜೊತೆ ಬಂದ್ರೆ ಆಕ್ಸಲ್ ಜಾಯಿಂಟ್, ಅದರ ರಬ್ಬರ್ ಬೂಟ್ ಹರಿದು ರಿಮ್ ಒಳಗಡೆ ಗ್ರೀಸ್ ಚೆಲ್ಲಿರೋದು ಕಾಣುತ್ತೆ. ಮಳೆಗಾಲದಲ್ಲಿ ತೋಟದ ರಸ್ತೇಲಿ ಹೋಗಿ ಬಂದ್ಮೇಲೆ ಗರಗರ ಅಂದ್ರೆ ಮಾತ್ರ ಮೊದಲು ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್ ಕಿತ್ತು ಟೈರಿಗೆ ತಾಗ್ತಿದೆಯಾ ನೋಡಿ.

ಒಳಗೆ ಕೂತಾಗ ಸ್ಟೇರಿಂಗ್ ಹತ್ರಾನೇ ಕಿರ್ ಕಿರ್, ಸರಸರ ಅಂದ್ರೆ ಸ್ಟೇರಿಂಗ್ ಕಂಬದ (ಕಾಲಂ) ಕವರ್ ಉಜ್ಜೋದು, ಇಲ್ಲ ಸ್ಟೇರಿಂಗ್ ಚಕ್ರದ ಹಿಂದಿರೋ ಕ್ಲಾಕ್ ಸ್ಪ್ರಿಂಗ್, ಅಂದ್ರೆ ಹಾರನ್ನು ಏರ್‌ಬ್ಯಾಗಿಗೆ ಹೋಗೋ ಸುರುಳಿ ವೈರು. ಹೊರಗಿನ ಪ್ಲಾಸ್ಟಿಕ್ ನೋಡ್ಬಹುದು, ಏರ್‌ಬ್ಯಾಗ್ ಇರೋ ಸ್ಟೇರಿಂಗ್ ಬಿಚ್ಚೋಕೆ ಹೋಗ್ಬೇಡಿ.

ಡಬ್ಬಿ ಇಲ್ಲದ ಗಾಡಿ, ಅಂದ್ರೆ ಇಪಿಎಸ್

ತಿರುಗಿಸಿದಾಗ ಸಣ್ಣಗೆ ಝೂಂ ಅನ್ನೋ ಮೋಟರ್ ಸದ್ದು ಇದ್ದಿದ್ದೇ. ಸದ್ದಿನ ಜೊತೆ ಭಾರಾನೂ ಆದ್ರೆ ಮೊದಲು ಬ್ಯಾಟರಿ. ಮಲ್ಟಿಮೀಟರಲ್ಲಿ ಗಾಡಿ ಆಫ್ ಇದ್ದಾಗ 12.4 ವೋಲ್ಟ್ ಮೇಲಿರ್ಬೇಕು, ಓಡ್ತಿರೋವಾಗ 13.8ರಿಂದ 14.5ರ ಆಸುಪಾಸು, ಟರ್ಮಿನಲ್ಲಲ್ಲಿ ಬಿಳಿ ಪುಡಿ ಕೂತಿದ್ರೆ ಕ್ಲೀನ್ ಮಾಡಿ. ಇಕ್ಕಟ್ಟಲ್ಲಿ ಹತ್ತು ಸಲ ಹಿಂದೆ ಮುಂದೆ ಮಾಡಿದಾಗ ಮೋಟರ್ ಬಿಸಿಯಾಗಿ ತಾನೇ ಬಲ ಕಮ್ಮಿ ಮಾಡ್ಕೊಳ್ಳುತ್ತೆ, ಸ್ವಲ್ಪ ಹೊತ್ತು ಬಿಟ್ರೆ ಸರಿಹೋಗುತ್ತೆ. ಸಣ್ಣ ಗುಂಡೀಲಿ ಸ್ಟೇರಿಂಗ್ ಕೈಯಲ್ಲೇ ಟಕಟಕ ಅಂದ್ರೆ ಕಾಲಂ ಒಳಗಿನ ರಬ್ಬರ್ ಕಪ್ಲಿಂಗ್ ಸವೆದಿರಬಹುದು, ಪಾರ್ಟ್ ಸಣ್ಣದು, ಬಿಚ್ಚೋ ಕೆಲಸ ದೊಡ್ಡದು. ಮೀಟರಲ್ಲಿ ಸ್ಟೇರಿಂಗ್ ಲೈಟ್ ಹತ್ತಿ ಆರದಿದ್ರೆ ಸ್ಕ್ಯಾನರ್ ಇರೋ ಕಡೆಗೇ ಹೋಗಿ.

ಆಯಿಲ್ ಇಳೀತಾನೇ ಇದ್ರೆ

ರಾತ್ರಿ ಗಾಡಿ ಕೆಳಗೆ ಅಗಲವಾದ ರಟ್ಟು ಹಾಸಿ, ಮುಂದಿನ ಚಕ್ರದ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿ. ಬೆಳಿಗ್ಗೆ ಕಲೆ ಎಲ್ಲಿದೆ, ಯಾವ ಬಣ್ಣ ಅಂತ ನೋಡಿ. ನೀರಿನಂಗಿದ್ರೆ ಎಸಿಯದು. ಕೆಂಪು ಕಲೆ ಬೆಲ್ಟ್ ಇರೋ ಕಡೆ ಇದ್ರೆ ಪಂಪ್ ಸೀಲ್ ಇಲ್ಲ ಪ್ರೆಷರ್ ಪೈಪು. ಎರಡು ಚಕ್ರದ ಹತ್ರ ಇದ್ರೆ ರ‍್ಯಾಕಿನ ತುದಿಯ ರಬ್ಬರ್ ಬೂಟ್ ಹಿಸುಕಿ ನೋಡಿ, ಒಳಗೆ ಲೊಚಲೊಚ ಅಂದ್ರೆ ರ‍್ಯಾಕ್ ಸೀಲ್ ಹೋಗಿದೆ. ಲೀಕ್ ನಿಲ್ಲಿಸೋ ಆಯಿಲ್ ಅಂತ ಬಾಟಲ್ ಮಾರ್ತಾರೆ, ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಯಾವಾಗ ಕೈ ಬಿಡ್ಬೇಕು

ಓಡಿಸ್ತಿರೋವಾಗ ಸ್ಟೇರಿಂಗ್ ದಿಢೀರ್ ಕಲ್ಲಾದ್ರೆ ಮೀಟರ್ ನೋಡಿ. ಬ್ಯಾಟರಿ ಲೈಟೂ ಹತ್ತಿದ್ರೆ ಬೆಲ್ಟ್ ಹರಿದಿದೆ, ಬಹಳ ಗಾಡೀಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತೆ, ಇನ್ನೊಂದು ಹತ್ತು ಕಿಲೋಮೀಟರ್ ಅಂತ ಹೋದ್ರೆ ಇಂಜಿನ್ ಕುದಿಯುತ್ತೆ. ಸ್ಟೇರಿಂಗ್ ತಿರುಗಿಸಿದ್ಮೇಲೆ ತಾನಾಗಿ ವಾಪಸ್ ಬರ್ತಿಲ್ಲ, ಮಧ್ಯೆ ಹಿಡ್ಕೊಳ್ಳುತ್ತೆ, ನೇರ ರಸ್ತೇಲಿ ಎರಡು ಬೆರಳಗಲ ಆಡಿಸಿದ್ರೂ ಗಾಡಿ ತಿರುಗಲ್ಲ, ಇದರಲ್ಲಿ ಯಾವುದಿದ್ರೂ ಟೋ ಮಾಡಿಸಿ. ಘಾಟಿ ಇಳಿಯೋದಂತೂ ಬೇಡ. ಬಾನೆಟ್ ಒಳಗಿಂದ ಸುಟ್ಟ ವಾಸನೆ, ಹೊಗೆ ಬಂದ್ರೆ ಪಕ್ಕಕ್ಕೆ ಹಾಕಿ ಆಫ್ ಮಾಡಿ ಎಲ್ಲರೂ ಇಳೀರಿ, ಸೋರಿದ ಆಯಿಲ್ ಬಿಸಿ ಸೈಲೆನ್ಸರ್ ಪೈಪ್ ಮೇಲೆ ಬಿದ್ರೆ ಹತ್ಕೊಳ್ಳುತ್ತೆ.

ರಿಪೇರಿ ಆದ್ಮೇಲೆ ಒಂದು ವಾರ ದಿನಾ ಬೆಳಿಗ್ಗೆ ಡಬ್ಬಿ ನೋಡಿ, ಒಳಗೆ ಉಳಿದ ಗಾಳಿ ಹೋಗ್ತಾ ಹೋಗ್ತಾ ಲೆವೆಲ್ ಒಂದು ಚೂರು ಇಳಿಯೋದು ಮಾಮೂಲು. ನಮ್ಮದು ಪೈಪ್ ಹಾಕಿದ ದಿನಾನೂ ಸ್ವಲ್ಪ ಕೂಗ್ತಿತ್ತು, ಇಷ್ಟೆಲ್ಲ ಮಾಡಿ ಮೇಸ್ತ್ರಿ ಹೇಳಿದ್ದೇ ಸರಿ ಆಯ್ತಲ್ಲ ಅಂತ ಬೇಜಾರಲ್ಲಿ ಮಲಗಿದ್ದೆ. ಮೂರನೇ ದಿನ ಬೆಳಿಗ್ಗೆ ಚಿಕ್ಕಪ್ಪ ಗಾಡಿ ತೆಗೆದು ಗೇಟ್ ದಾಟಿ ಹೋದ್ರು, ನಾಯಿ ಏಳಲಿಲ್ಲ.